‘ಸರ್‌ಪ್ಲಸ್’ ಅಂದರೆ ಏನು? ತಿರುಪ್ಪೂರಿಗೆ ಮಾಲು ತರಲು ಹೋಗುವ ಮುಂಚೆ ತಿಳಿಯಬೇಕಾದ ಪದ

ರಂಜಾನ್ ಹತ್ತಿರ ಬಂತೆಂದರೆ ನಮ್ಮ ಹುಡುಗರ ವಾಟ್ಸ್‌ಆಪ್ ಸ್ಟೇಟಸ್‌ಗಳಲ್ಲಿ ಒಂದೇ ಮಾತು: ‘ಎಕ್ಸ್‌ಪೋರ್ಟ್ ಸರ್‌ಪ್ಲಸ್, ತಿರುಪ್ಪೂರು ಮಾಲು’. ಸ್ವಂತ ಅಂಗಡಿ ಇಲ್ಲದಿದ್ದರೂ ಮೊಬೈಲ್‌ನಲ್ಲೇ ಟೀ-ಶರ್ಟ್ ಮಾರುವವರು ಈಗ ಬಹಳ. ಕೇಳಿ ನೋಡಿದರೆ ಕೆಲವರಿಗೆ ಸರ್‌ಪ್ಲಸ್ ಅಂದರೆ ‘ಫಾರಿನ್ ಕ್ವಾಲಿಟಿ’, ಇನ್ನು ಕೆಲವರಿಗೆ ‘ಡ್ಯಾಮೇಜ್ ಮಾಲು’. ಎರಡೂ ಅಲ್ಲ. ಗಲ್ಫಿನಲ್ಲಿರುವ ಅಣ್ಣ ಕಳಿಸಿದ ದುಡ್ಡನ್ನೋ ಉಮ್ಮನ ಚಿನ್ನ ಅಡವಿಟ್ಟು ತಂದ ದುಡ್ಡನ್ನೋ ಈ ಒಂದು ಪದದ ಮೇಲೆ ಹಾಕುವ ಮುಂಚೆ ಅರ್ಥ ತಿಳಿದಿರುವುದು ಒಳ್ಳೆಯದು.

ಸರ್‌ಪ್ಲಸ್ ಎಂದರೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಉಳಿದದ್ದು. ಕನ್ನಡ ಪತ್ರಿಕೆಗಳು ‘ಮಿಗತೆ ಬಜೆಟ್’ ಎಂದು ಬರೆಯುವುದು ಇದನ್ನೇ. ಬಿ.ಕಾಂ. ಓದಿದವರು ಬ್ಯಾಲೆನ್ಸ್ ಶೀಟ್‌ನಲ್ಲಿ ‘ರಿಸರ್ವ್ಸ್ ಆಂಡ್ ಸರ್‌ಪ್ಲಸ್’ ಎಂದು ನೋಡಿರುತ್ತಾರೆ. ಮಲಯಾಳಂನಲ್ಲಿ ‘ಮಿಚ್ಚಂ’, ಕಾಸರಗೋಡಿನವರು ‘ಮಿಚ್ಚಭೂಮಿ’ ಎಂಬ ಮಾತು ಕೇಳಿಯೇ ಇರುತ್ತಾರೆ. ತಮಿಳಿನಲ್ಲೂ ಉಳಿದದ್ದಕ್ಕೆ ‘ಮಿಚ್ಚಂ’ ಎಂದೇ ಹೇಳುತ್ತಾರೆ. ಗಮನಿಸಿ, ಈ ಪದ ಹೇಳುವುದು ಪ್ರಮಾಣವನ್ನು ಮಾತ್ರ. ಗುಣಮಟ್ಟದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಈಗ ಕಾರ್ಖಾನೆಗೆ ಬರೋಣ. ಕೊಯಮತ್ತೂರಿನಿಂದ ಸುಮಾರು 50 ಕಿ.ಮೀ. ದೂರದ ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾಯಿತು. ನಿಟ್ ಬಟ್ಟೆ ರಫ್ತಿಗೆ ದೇಶದಲ್ಲೇ ದೊಡ್ಡ ಹೆಸರು. ವಿದೇಶಿ ಕಂಪೆನಿ 10,000 ಟೀ-ಶರ್ಟ್ ಆರ್ಡರ್ ಕೊಟ್ಟಿತು ಎಂದಿಟ್ಟುಕೊಳ್ಳಿ. ಹೊಲಿಗೆ, ಡೈಯಿಂಗ್, ಪ್ರಿಂಟಿಂಗ್‌ನಲ್ಲಿ ಕೆಲವು ಹಾಳಾಗುತ್ತವೆ ಎಂದು ಗೊತ್ತಿರುವುದರಿಂದ ಫ್ಯಾಕ್ಟರಿಯವರು 10,400 ಕಟ್ ಮಾಡುತ್ತಾರೆ. 150 ಹಾಳಾದರೆ ಉಳಿಯುವುದು 250 ಒಳ್ಳೆಯ ಪೀಸ್. ಆ 250 ನಿಜವಾದ ಸರ್‌ಪ್ಲಸ್. ಹಾಳಾದ 150ಕ್ಕೆ ‘ರಿಜೆಕ್ಷನ್’ ಅಥವಾ ‘ಸೆಕೆಂಡ್ಸ್’ ಎಂಬ ಹೆಸರಿದೆ. ಖರೀದಿದಾರ ಆರ್ಡರನ್ನೇ ರದ್ದು ಮಾಡಿದರೆ ಇಡೀ ಮಾಲು ‘ಸ್ಟಾಕ್ ಲಾಟ್’ ಆಗುತ್ತದೆ. ಇವೆಲ್ಲ ರೈಲು ನಿಲ್ದಾಣದ ಹತ್ತಿರದ ಖಾದರ್‌ಪೇಟೆಯಂಥ ಮಾರುಕಟ್ಟೆಗೆ ಬರುವಾಗ ಎಲ್ಲದರ ಮೇಲೂ ಒಂದೇ ಬೋರ್ಡ್: ಸರ್‌ಪ್ಲಸ್.

ಪದದ ಅರ್ಥ ಗೊತ್ತಿದ್ದವನಿಗೆ ಪರೀಕ್ಷೆ ಸುಲಭ. ಉಳಿದದ್ದು ಯಾವಾಗಲೂ ಸ್ವಲ್ಪವೇ ಇರುತ್ತದೆ, ಸೈಜ್ ಮುರಿದಿರುತ್ತದೆ, ಒಮ್ಮೆ ಖಾಲಿಯಾದರೆ ಮತ್ತೆ ಬರುವುದಿಲ್ಲ. ‘ಭಾಯ್, ಇದೇ ಡಿಸೈನ್ ಎಲ್ಲ ಸೈಜ್‌ನಲ್ಲಿ ಇದೆ, ಬರುವ ತಿಂಗಳೂ ಎಷ್ಟು ಬೇಕಾದರೂ ಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಅದು ಉಳಿದ ಮಾಲಲ್ಲ, ಮಾರಲೆಂದೇ ಹೊಲಿದ ಮಾಲು. ಅದರಲ್ಲಿ ತಪ್ಪೇನಿಲ್ಲ, ಲೋಕಲ್ ಮಾಲೂ ಚೆನ್ನಾಗಿರಬಹುದು. ಆದರೆ ರೇಟು ಲೋಕಲ್ ರೇಟೇ ಆಗಿರಬೇಕಲ್ಲ!

ಲೆಕ್ಕ ನೋಡಿ. ಪೀಸಿಗೆ 120 ರೂಪಾಯಿಯಂತೆ 100 ಪೀಸ್ ತಂದರೆ 12,000. ಕಟ್ಟು ಬಿಚ್ಚಿದಾಗ 18 ಪೀಸಿನಲ್ಲಿ ತೂತು, ಕಲೆ, ಓರೆ ಹೊಲಿಗೆ. ಮಾರಲು ಉಳಿದದ್ದು 82, ಅಂದರೆ ಅಸಲು ರೇಟು 146 ರೂಪಾಯಿ ಮೇಲೆ. ಇದರ ಮೇಲೆ ರೈಲು, ಪಾರ್ಸೆಲ್, ಊಟದ ಖರ್ಚು ಬೇರೆ. 150ಕ್ಕೆ ಮಾರಿ 30 ರೂಪಾಯಿ ಲಾಭ ಎಂದುಕೊಂಡವನಿಗೆ ಏನೂ ಸಿಗುವುದಿಲ್ಲ.

ಹಾಗಾಗಿ ‘ಸರ್‌ಪ್ಲಸ್ಸಾ?’ ಎಂದು ಕೇಳಿ ಪ್ರಯೋಜನವಿಲ್ಲ, ಯಾರೂ ಅಲ್ಲ ಎನ್ನುವುದಿಲ್ಲ. ‘ಫ್ರೆಶ್ಶೋ, ಸೆಕೆಂಡ್ಸೋ, ಮಿಕ್ಸೋ?’ ಎಂದು ಕೇಳಬೇಕು. ಮೇಲಿನ ಎರಡು ಪೀಸ್ ಬಿಟ್ಟು ಕಟ್ಟಿನ ನಡುವಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಜಿಎಸ್ಎಂ ಎಷ್ಟು ಎಂದು ಕೇಳಿ: ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ ಅದು, 180 ಎಂದರೆ ಸಾಧಾರಣ ದಪ್ಪದ ಟೀ-ಶರ್ಟ್. ಸೈಜ್ ಲೇಬಲ್ ನಂಬದೆ ಟೇಪ್ ಹಿಡಿದು ಅಳೆಯಿರಿ, ಯುರೋಪಿನ ಮೀಡಿಯಂ ನಮ್ಮವರಿಗೆ ಲಾರ್ಜ್ ಆಗಿಬಿಡುತ್ತದೆ.

ಲೇಬಲ್ ಕತ್ತರಿಸಿದ್ದರೆ ಗಾಬರಿ ಬೇಡ. ತಮ್ಮ ಹೆಸರಿನಲ್ಲಿ ಹೊರಗೆ ಮಾರಬಾರದು ಎಂದು ಬ್ರಾಂಡ್‌ನವರು ಷರತ್ತು ಹಾಕಿರುವುದರಿಂದ ಹಲವರು ಕತ್ತರಿಸಿಯೇ ಕೊಡುತ್ತಾರೆ. ಹೊಸದಾದ ದೊಡ್ಡ ಬ್ರಾಂಡ್ ಲೇಬಲ್ ಹೊಳೆಯುತ್ತಾ ಕಡಿಮೆ ರೇಟಿಗೆ ಸಿಕ್ಕರೆ ಅಲ್ಲಿ ಅನುಮಾನ ಬೇಕು. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ನಕಲಿ ಬ್ರಾಂಡ್ ಮಾಲು ಮಾರಿದವರಿಗೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಸಿಕ್ಕಿಬೀಳುವುದು ಹೆಚ್ಚಾಗಿ ಕೊನೆಯಲ್ಲಿ ಮಾರುವ ಸಣ್ಣವನೇ.

ತಂದ ಮೇಲೆ ಗಿರಾಕಿಗೆ ಏನೆಂದು ಹೇಳಬೇಕು? ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿಟ್ಟ ವ್ಯಾಪಾರಿಯನ್ನು ಪ್ರವಾದಿಯವರು (ಸ) ತರಾಟೆಗೆ ತೆಗೆದುಕೊಂಡ ಘಟನೆ ಮದ್ರಸದಲ್ಲೇ ಕಲಿತದ್ದು. ಸೆಕೆಂಡ್ಸನ್ನು ಸೆಕೆಂಡ್ಸ್ ಎಂದೇ ಬರೆದು ಬೇರೆ ರಾಶಿ ಹಾಕಿ ಅರ್ಧ ರೇಟಿಗೆ ಇಟ್ಟರೆ ತೋಟದ ಕೆಲಸಕ್ಕೆ, ಮನೆಯಲ್ಲಿ ಹಾಕಲು ಕೊಳ್ಳುವವರು ಇದ್ದೇ ಇರುತ್ತಾರೆ.

ಕೊಳ್ಳುವಾಗ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ‘ನೋ ರಿಟರ್ನ್’ ಎಂದು ಅಚ್ಚಾಗಿದೆಯೇ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ಓದಿ, ಕೊಟ್ಟ ಮೇಲಲ್ಲ.