ನಾಯಿಮರಿಯ ಹುಣ್ಣಿಗೆ ದನದ ಔಷಧಿ ಬೇಡ

ಹುಂಚದ ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗೋದಿಲ್ಲ, ಇನ್ನು ತೋಟ ಸುತ್ತಿ ಬಂದ ನಾಯಿಮರಿ ಮೈ ಎಲ್ಲಿ ಒಣಗುತ್ತೆ? ನಮ್ಮ ಮೂರು ತಿಂಗಳ ಮರಿಗೆ ಕಿವಿ ಹಿಂದೆ ರೂಪಾಯಿ ಅಗಲ ಕೂದಲು ಉದುರಿ, ಕೆಂಪಗಾಗಿ ನೀರಾಡುತ್ತಿತ್ತು. ಕೊಟ್ಟಿಗೆಯಲ್ಲಿದ್ದ ದನದ ಉಣುಗಿನ ಔಷಧಿಯನ್ನೇ ಒಂದು ಹನಿ ಹಚ್ಚೋಣ ಅಂತ ಬಾಟಲಿ ತೆಗೆದಿದ್ದೆ. ಅಮ್ಮ ಕೈ ಹಿಡಿದರು. ಲೇಬಲ್ ಓದಿದ ಮೇಲೆ ಬೆವರು ಬಂತು. ಬಕೆಟ್ ನೀರಿಗೆ ಬೆರೆಸಿ ದನಕ್ಕೆ ಹೊಡೆಯುವ ವಿಷ ಅದು. ಮರಿ ಕಾಲಲ್ಲಿ ಕೆರೆದು ಆ ಕಾಲು ನೆಕ್ಕಿದ್ದರೆ ಜೀವಕ್ಕೇ ಅಪಾಯವಿತ್ತು. ನಾವು ಹಚ್ಚಿಕೊಳ್ಳುವ ಜಿಂಕ್ ಮುಲಾಮು, ಸೀಮೆಎಣ್ಣೆಯೂ ಬೇಡ.

ಮಾಡಿದ್ದು ಇಷ್ಟೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು. ಸುತ್ತಲಿನ ಕೂದಲು ಕತ್ತರಿಸಿ, ದಿನಕ್ಕೆರಡು ಸಲ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಿಸಿದೆ.

ಕಷ್ಟ ಇರೋದು ಮರಿಯನ್ನು ಹಿಡಿಯೋದರಲ್ಲಿ. ಮೊದಲ ದಿನ ಸೌದೆ ರಾಶಿ ಸಂದಿಗೆ ನುಗ್ಗಿತು. ಅಟ್ಟಿಸಿಕೊಂಡು ಹೋಗ್ಬೇಡಿ. ಆಡಿ ದಣಿದಾಗ ಹಳೇ ಟವೆಲ್‌ನಲ್ಲಿ ಮುಖ ಬಿಟ್ಟು ಸುತ್ತಿ. ಒಬ್ಬರು ದೋಸೆ ಚೂರು ತಿನ್ನಿಸಲಿ, ಇನ್ನೊಬ್ಬರು ಒರೆಸಲಿ. ಎರಡು ನಿಮಿಷ ಸಾಕು. ಮೂರನೇ ದಿನ ದೋಸೆ ಆಸೆಗೆ ತಾನೇ ಬಂದು ಕೂತಿತು!

ಉಣುಗು ಕಂಡರೆ ಬರಿಗೈಲಿ ಹೊಸಕಬೇಡಿ, ನಮ್ಮದು ಮಂಗನ ಕಾಯಿಲೆಯ ಸೀಮೆ. ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆದು, ಸ್ಯಾನಿಟೈಸರ್‌ಗೆ ಹಾಕಿ.

ದಿನಾ ಫೋಟೋ ತೆಗೆದಿಡಿ. ಮೂರು ದಿನದಲ್ಲಿ ಒಣಗದಿದ್ದರೆ, ಕೀವಾದರೆ, ಮನೆಯವರ ಕೈಮೇಲೂ ಗುಂಡಗೆ ತುರಿಕೆ ಎದ್ದರೆ ಫೋಟೋ ಸಮೇತ ಪಶು ಆಸ್ಪತ್ರೆಗೆ ಹೋಗಿ. ನಮ್ಮ ಮರಿಯ ಹಕ್ಕಳೆ ಐದನೇ ದಿನ ಉದುರಿತು.