ಮೂತ್ರಕಲ್ಲು ಮತ್ತು ಕರುಳಿನ ಉಪಕಾರಿ ಬ್ಯಾಕ್ಟೀರಿಯಾ: ಘಟ್ಟದ ಮೇಲಿನ ಮೂರು ತಾಲ್ಲೂಕುಗಳಲ್ಲಿ ಅಳತೆಯ ಪ್ರಶ್ನೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಊಟದಲ್ಲಿ ಸೊಪ್ಪಿಗೆ ವಿಶೇಷ ಸ್ಥಾನವಿದೆ. ಮಳೆಗಾಲದ ಕೆಸುವಿನೆಲೆಯ ಪತ್ರೊಡೆ, ಹರಿವೆಯ ಪಲ್ಯ, ಅಂಗಳದಂಚಿನ ಪುಲ್ಲಂಪುರಚಿಯ ತಂಬುಳಿ ಇವೆಲ್ಲವುಗಳಲ್ಲೂ ಆಕ್ಸಲೇಟ್ ಧಾರಾಳವಾಗಿದೆ. ಕೆಸುವು ಗಂಟಲನ್ನು ತುರಿಸುವುದು ಅದರೊಳಗಿನ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಪುಲ್ಲಂಪುರಚಿಯಂತೂ ಆಕ್ಸಾಲಿಕ್ ಆಮ್ಲಕ್ಕೆ ಹೆಸರನ್ನೇ ಕೊಟ್ಟ ಆಕ್ಸಾಲಿಸ್ ಕುಲದ ಸಸ್ಯ. ಮೂತ್ರಪಿಂಡದಲ್ಲಿ ಕಾಣುವ ಕಲ್ಲುಗಳಲ್ಲಿ ಬಹುಪಾಲು ಇದೇ ಕ್ಯಾಲ್ಸಿಯಂ ಆಕ್ಸಲೇಟಿನವು. ಹಾಗೆಂದು ಸೊಪ್ಪು ತಿನ್ನುವವರೆಲ್ಲರಿಗೂ ಕಲ್ಲಾಗುವುದಿಲ್ಲ.

ಇದಕ್ಕೆ ಒಂದು ಕಾರಣ ಮಜ್ಜಿಗೆ. ಸೊಪ್ಪಿನ ಆಕ್ಸಲೇಟು ಮಜ್ಜಿಗೆಯ ಕ್ಯಾಲ್ಸಿಯಂನೊಡನೆ ಕರುಳಿನಲ್ಲೇ ಕೂಡಿಕೊಂಡರೆ ರಕ್ತವನ್ನು ಸೇರದೆ ಮಲದೊಡನೆ ಹೊರಹೋಗುತ್ತದೆ. ಈ ದೃಷ್ಟಿಯಿಂದ ತಂಬುಳಿಯು ವಿವೇಕದ ಅಡುಗೆ. ಕಲ್ಲಿನ ಭಯದಿಂದ ಹಾಲು ಮಜ್ಜಿಗೆಗಳನ್ನೇ ತ್ಯಜಿಸುವವರು ಇದನ್ನು ಗಮನಿಸಬೇಕು. ಇನ್ನೊಂದು ಕಾರಣ, ಕೆಲವರ ಕರುಳಿನಲ್ಲಿ ನೆಲೆಸಿರುವ ಆಕ್ಸಲೋಬ್ಯಾಕ್ಟರ್ ಫಾರ್ಮಿಜೀನ್ಸ್ ಎಂಬ ಬ್ಯಾಕ್ಟೀರಿಯಾ ಆಗಿರಬಹುದು. ಕುರಿಯ ಮೆಲುಕುಚೀಲದಿಂದ ಇದನ್ನು ಬೇರ್ಪಡಿಸಿ ಅಭ್ಯಸಿಸಿದ ಅಮೆರಿಕದ ಮಿಲ್ಟನ್ ಆಲಿಸನ್ ಮತ್ತು ಸಂಗಡಿಗರು 1985ರಲ್ಲಿ ಈ ಹೆಸರನ್ನಿತ್ತರು. ಆಕ್ಸಲೇಟೇ ಇದರ ಪ್ರಧಾನ ಶಕ್ತಿಮೂಲ.

ಆದರೆ ಇದನ್ನು ಅಳೆಯುವುದು ಸುಲಭವಲ್ಲ. ಇದು ಆಮ್ಲಜನಕವನ್ನು ಸಹಿಸದ ಜೀವಿ. ಹಳೆಯ ಕ್ರಮದಲ್ಲಿ ಮಲದ ಮಾದರಿಯನ್ನು ಕ್ಯಾಲ್ಸಿಯಂ ಆಕ್ಸಲೇಟ್ ಬೆರೆತ ಮಸುಕಾದ ಮಾಧ್ಯಮದಲ್ಲಿ, ಗಾಳಿ ಸೋಕದಂತೆ ಬೆಳೆಸುತ್ತಾರೆ. ಬ್ಯಾಕ್ಟೀರಿಯಾ ಇದ್ದೆಡೆ ಆಕ್ಸಲೇಟು ಕರಗಿ ತಿಳಿಯಾದ ವಲಯ ಮೂಡುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ದೂರ. ಒಳಹಳ್ಳಿಯೊಂದರಿಂದ ಹೊರಟ ಮಾದರಿ ಪ್ರಯೋಗಾಲಯ ತಲಪುವಷ್ಟರಲ್ಲಿ ಜೀವಿ ಸತ್ತಿದ್ದರೆ, ಇದ್ದದ್ದೂ ‘ಇಲ್ಲ’ವೆಂದೇ ದಾಖಲಾಗುತ್ತದೆ. ಆದುದರಿಂದ ಇಲ್ಲಿಗೆ ಪಿ.ಸಿ.ಆರ್. ವಿಧಾನವೇ ಹೆಚ್ಚು ಸೂಕ್ತವೆಂದು ತೋರುತ್ತದೆ. ಶೈತ್ಯದಲ್ಲಿ ಕಾಪಿಟ್ಟ ಮಾದರಿಯಿಂದ ಡಿ.ಎನ್.ಎ. ಬೇರ್ಪಡಿಸಿ, ಆಕ್ಸಲೇಟನ್ನು ಒಡೆಯುವ ಕಿಣ್ವದ ಜೀನು ಒಂದು ಗ್ರಾಂ ಮಲದಲ್ಲಿ ಎಷ್ಟು ಪ್ರತಿಗಳಿವೆಯೆಂದು ಎಣಿಸಬಹುದು. ಸತ್ತ ಜೀವಿಗಳೂ ಈ ಲೆಕ್ಕಕ್ಕೆ ಸೇರುತ್ತವೆಂಬುದು ಅದರ ಮಿತಿ.

ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರುಕಳಿಸುವ ಕಲ್ಲುಗಳಿದ್ದ 247 ಜನರಲ್ಲಿ ಶೇ. 17ರಷ್ಟು ಮಂದಿಯಲ್ಲಿ ಈ ಬ್ಯಾಕ್ಟೀರಿಯಾ ದೊರೆಯಿತು. ಕಲ್ಲಿಲ್ಲದ 259 ಜನರಲ್ಲಿ ಶೇ. 38ರಷ್ಟು ಮಂದಿಯಲ್ಲಿ. ಅಂತರ ದೊಡ್ಡದೇ. ಆದರೂ ಬ್ಯಾಕ್ಟೀರಿಯಾ ಇದ್ದವರ ಮತ್ತು ಇಲ್ಲದವರ ಮೂತ್ರದ ಆಕ್ಸಲೇಟಿನಲ್ಲಿ ಭೇದ ಕಾಣಲಿಲ್ಲ. ಇಂತಹ ಹೋಲಿಕೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ತೀರ್ಮಾನಿಸಲಾಗದು. ಕೆಲವು ಪ್ರತಿಜೈವಿಕ ಔಷಧಗಳು ಈ ಜೀವಿಯನ್ನು ಕೊಲ್ಲುತ್ತವೆ. ರೋಗಿಯು ಹಿಂದೆ ಸೇವಿಸಿದ ಮಾತ್ರೆಗಳೇ ಅದರ ಅಭಾವಕ್ಕೆ ಕಾರಣವಾಗಿರಲು ಸಾಧ್ಯ.

ಈ ಮೂರು ತಾಲ್ಲೂಕುಗಳಲ್ಲಿ ಅಳತೆಗೆ ಹೊರಡುವವರು ಮಲದ ಜೊತೆಗೆ 24 ಗಂಟೆಗಳ ಮೂತ್ರವನ್ನೂ ಸಂಗ್ರಹಿಸಬೇಕು. ಔಷಧಸೇವನೆಯ ವಿವರವನ್ನು ಬರೆದುಕೊಳ್ಳಬೇಕು. ಒಮ್ಮೆ ಆಷಾಢದಲ್ಲಿ, ಇನ್ನೊಮ್ಮೆ ಬೇಸಿಗೆಯಲ್ಲಿ ಮಾದರಿ ಪಡೆಯುವುದು ಅವಶ್ಯ: ಕೆಸು ಚಿಗುರುವುದು ಮಳೆಯಲ್ಲಿ, ಬೆವರು ಹರಿದು ಮೂತ್ರ ಗಾಢವಾಗುವುದು ಬಿಸಿಲಿನಲ್ಲಿ.