ನಿಮಗಿದು ಗೊತ್ತೇ? ಬಂಗಡೆ ಸಾರಿನಲ್ಲಿ ಕಿತ್ತಳೆಯ ಘಮ

● ಕಾರವಾರ, ಅಂಕೋಲೆಯ ಕಡೆ ಬಂಗಡೆ, ತಾರ್ಲೆಯ ಸಾರಿಗೆ ಹಾಕುವ ತೆಪ್ಪಲ, ಅಂದರೆ ಜುಮ್ಮನಕಾಯಿ, ನಿಂಬೆ-ಕಿತ್ತಳೆಯ ಕುಟುಂಬಕ್ಕೇ ಸೇರಿದ್ದು! ಕರಿಬೇವು, ಬಿಲ್ವ, ಬೇಲ ಕೂಡ ಇದೇ ರೂಟೇಸಿ ಕುಟುಂಬದವು. ಇವುಗಳ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ಎಲೆ ಹೊಸಕಿದಾಗ ಅವು ಒಡೆಯುತ್ತವೆ, ಘಮ ಹೊಮ್ಮುತ್ತದೆ.

● ತೆಪ್ಪಲದ ಪರಿಮಳವೆಲ್ಲ ಸಿಪ್ಪೆಯಲ್ಲಿ. ಒಳಗಿನ ಹೊಳೆಯುವ ಕರಿ ಬೀಜ ಕಹಿ, ಅದನ್ನು ತೆಗೆದೇ ಬಳಸಬೇಕು. ಸಿಪ್ಪೆಯನ್ನು ಜಜ್ಜಿ, ಕುದಿಯುವ ಸಾರಿಗೆ ಬಿಟ್ಟರೆ ಸಾಕು. ಎಣ್ಣೆಮೀನಿನ ಹಸಿವಾಸನೆ ಅಡಗುತ್ತದೆ. ಮರದ ಕಾಂಡದ ತುಂಬ ದಪ್ಪ ಮುಳ್ಳುಗಳು. ಅಷ್ಟು ಕಷ್ಟಪಟ್ಟು ಕೊಯ್ದು, ಒಣಗಿಸಿ ತರುವವರಿಗೆ ಕೇಳಿದ ಬೆಲೆ ಕೊಡುವುದು ನ್ಯಾಯ.

● ತೆಪ್ಪಲವನ್ನು ಕಚ್ಚಿದರೆ ನಾಲಿಗೆ ಜುಮ್ಮೆನ್ನುವುದೇಕೆ? ಇದೇ ಕುಲದ ಚೀನಾದ ಸಿಚುವಾನ್ ಮೆಣಸಿನಲ್ಲಿ ಸ್ಯಾನ್‌ಶೂಲ್ ಎಂಬ ವಸ್ತುವಿದೆ. ಅದು ರುಚಿಯ ನರಗಳನ್ನಲ್ಲ, ಸ್ಪರ್ಶದ ನರಗಳನ್ನು ಕೆಣಕುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಆ ಮೆಣಸನ್ನು ಜನರ ತುಟಿಗೆ ಹಚ್ಚಿ ನೋಡಿದರು. ಸೆಕೆಂಡಿಗೆ ಸುಮಾರು 50 ಸಲ ಕಂಪಿಸುವ ವಸ್ತುವನ್ನು ಮುಟ್ಟಿದಂತೆ ಅವರಿಗೆ ಅನಿಸಿತು!

● ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಲಿಮೊನೀನ್ ಎಂಬ ಪರಿಮಳದ ವಸ್ತು. ತೆಪ್ಪಲದ ಎಣ್ಣೆಯಲ್ಲೂ ಅದಿದೆ. ಇನ್ನೊಂದು ಗಿಡದಲ್ಲೂ ಇದೆ, ಗಾಂಜಾದಲ್ಲಿ! ನಿಂಬೆಯ ವಾಸನೆಗೆಂದೇ ಹೆಸರಾದ ಮಿಶ್ರತಳಿ 'ಸೂಪರ್ ಲೆಮನ್ ಹೇಜ್' ಆ್ಯಮ್‌ಸ್ಟರ್‌ಡ್ಯಾಮ್‌ನ ಗಾಂಜಾ ಸ್ಪರ್ಧೆಯಲ್ಲಿ 2008 ಮತ್ತು 2009ರಲ್ಲಿ ಗೆದ್ದಿತ್ತು. ಗಾಂಜಾದಲ್ಲಿ ಮಿಶ್ರತಳಿ ಎಂದರೆ ಸಟೈವಾ ಮತ್ತು ಇಂಡಿಕಾ ಬಗೆಗಳ ಕೂಡಿಕೆ. ಇಂಡಿಕಾ ಎಂದು 1785ರಲ್ಲಿ ಹೆಸರಿಟ್ಟವನು ಫ್ರಾನ್ಸಿನ ಜೀವವಿಜ್ಞಾನಿ ಲಮಾರ್ಕ್, ಭಾರತದಿಂದ ಹೋದ ಗಿಡದ ಮಾದರಿ ನೋಡಿ.

● ಈ ಗಾಂಜಾದ ಪರಿಮಳ ನಿಂಬೆಯದಾದರೂ ಅಮಲು ಅದರಲ್ಲಿರುವ ಮಾದಕ ವಸ್ತು ಟಿಎಚ್‌ಸಿಯದು. ಘಮ ಹಿತವಾಗಿದೆ ಎಂದು ಗಾಂಜಾವನ್ನು ನಿರುಪದ್ರವಿ ಎಂದುಕೊಳ್ಳುವ ಹುಡುಗರು ಇದನ್ನು ತಿಳಿಯಲೇಬೇಕು. 1985ರ ಮಾದಕವಸ್ತು ಕಾಯ್ದೆಯಲ್ಲಿ ಪರವಾನಗಿಯಿಲ್ಲದೆ ಗಾಂಜಾ ಬೆಳೆದವರಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

● ಗಾಂಜಾ ತಳಿಗಳ ವಾಸನೆಯ ವ್ಯತ್ಯಾಸಕ್ಕೆ ಲಿಮೊನೀನ್‌ನಂಥ ಟರ್ಪೀನ್‌ಗಳೇ ಕಾರಣ ಎಂಬ ನಂಬಿಕೆಯಿತ್ತು. ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳ ಪಾಲು ದೊಡ್ಡದು ಎಂದು 2023ರ ಅಧ್ಯಯನವೊಂದು ತೋರಿಸಿತು.

● ನಿಂಬೆಹುಲ್ಲಿನ ವಾಸನೆಗೆ ಲಿಮೊನೀನ್ ಕಾರಣವಲ್ಲ, ಸಿಟ್ರಾಲ್ ಎಂಬ ಇನ್ನೊಂದು ವಸ್ತು.

● ಮಿಶ್ರತಳಿಯ ಮಾತು ಬಂತಲ್ಲ, ದೊಡ್ಡ ಹಳದಿ ಲೆಮನ್ ತಾನೇ ಮಿಶ್ರತಳಿ! ತಾಯಿ ಹುಳಿಕಿತ್ತಳೆ, ತಂದೆ ಮಾದಲ. ಆ ಹುಳಿಕಿತ್ತಳೆಯೂ ಚಕ್ಕೋತ ಮತ್ತು ಮ್ಯಾಂಡರಿನ್ ಕೂಡಿ ಹುಟ್ಟಿದ್ದು. ನಾವು ದಿನಾ ಹಿಂಡುವ ಸಣ್ಣ ನಿಂಬೆಗೂ ತಂದೆ ಮಾದಲವೇ. ತೋಟದ ಅಂಚಿನಲ್ಲಿ ಯಾರೂ ಕೇಳದೆ ನಿಂತ ಮಾದಲದ ಗಿಡವಿದ್ದರೆ ಅದನ್ನು ಕಡಿಯಬೇಡಿ.